ಉಸುಕು ಕೂತ ಸೀಟು

ವಿಮಾನದ ಹೊಟ್ಟೆ ನೀರು ಬಿಟ್ಟು ಮೇಲೆದ್ದ ಕೂಡಲೇ ಗುರುಶಾಂತ ಕಡ್ಲಿಮಟ್ಟಿ ರೇಡಿಯೊ ಆರಿಸಿದರು. ಅವರಿಗೆ ಎಂಜಿನ್ನಿನ ದನಿಯೊಂದೇ ಕೇಳಬೇಕಿತ್ತು.

2061ರ ಬೇಸಿಗೆ ಅದು. ನೆಲದ ಮೇಲೂ ನೀರಿನ ಮೇಲೂ ಇಳಿಯಬಲ್ಲ ಆ ವಿಮಾನವನ್ನು ಅವರು ಮನೆಯ ಹಿತ್ತಲಲ್ಲೇ ಕಟ್ಟಿದ್ದರು. ಎಂಜಿನ್ನಿನಲ್ಲಿ ಮೇಲೆ ಕೆಳಗೆ ಬಡಿದಾಡುವ ಪಿಸ್ಟನ್ ಇಲ್ಲ. ಮೂರು ಮೂಲೆಯ ಲೋಹದ ತುಂಡೊಂದು ಗೂಡಿನೊಳಗೆ ಸುತ್ತುತ್ತಲೇ ಶಕ್ತಿ ಕೊಡುತ್ತದೆ. ಇಂಥ ಎಂಜಿನ್ನು ಹಳೆಯದೇ. ಆದರೆ ಅನಿಲ ಸೋರದಂತೆ ಆ ಮೂಲೆಗಳಿಗೆ ಕೂರಿಸುವ ಸೀಲು ಬೇಗ ಸವೆಯುತ್ತಿತ್ತು. ಸವೆಯದ ಪಿಂಗಾಣಿ ಸೀಲು ಗುರುಶಾಂತರ ಶೋಧ. ಕೃಷ್ಣೆಯ ಹಿನ್ನೀರು ಏರಿ ದಾರಿಗಳನ್ನೆಲ್ಲ ನುಂಗಿದ ಮೇಲೆ, ದಂಡೆಯ ಊರೂರಿಗೂ ಇಂಥದೊಂದು ಇದ್ದರೆ ರೋಗಿಗಳನ್ನು ಸಾಗಿಸಬಹುದೆಂಬುದು ಅವರ ಆಸೆ. ಪಕ್ಕದ ಸೀಟಿನಲ್ಲಿ ಒಬ್ಬ ರೋಗಿಯ ತೂಕಕ್ಕೆ ಸರಿಯಾಗಿ ಉಸುಕಿನ ಚೀಲ ಬಿಗಿದಿದ್ದರು.

ಎಂಜಿನ್ನು ಎಲ್ಲೂ ತಡವರಿಸಲಿಲ್ಲ. ಚಿಕ್ಕಂದಿನಲ್ಲಿ ಗುಡಿಯ ಕಟ್ಟೆಯ ಮೇಲೆ ಕೂತು, ಪುರಾಣ ಓದುವವರ ದನಿ ಪದ್ಯದಿಂದ ಪದ್ಯಕ್ಕೆ ದಾಟುವುದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದ ಸುಖ ಮರಳಿ ಬಂತು. ಆಚೆ ದಂಡೆಯಲ್ಲಿ ಮುದುಕಿಯೊಬ್ಬಳು ಕೆಂಪು ಸೀರೆ ಬೀಸುತ್ತಿದ್ದಳು. ಹಿಗ್ಗಿಗೆ ಬೀಸುತ್ತಾಳೆಂದುಕೊಂಡು ಅವರು ರೆಕ್ಕೆಗಳನ್ನು ಎಡಕ್ಕೂ ಬಲಕ್ಕೂ ವಾಲಿಸಿ ಉತ್ತರ ಕೊಟ್ಟರು. ಇನ್ನೊಂದು ಸುತ್ತು ಹಾಕಿದರು. ಮತ್ತೂ ಒಂದು.

ಇಳಿದಾಗ ದಂಡೆಯಲ್ಲಿ ದೋಣಿ ಇರಲಿಲ್ಲ. ವಿಮಾನ ನೀರಿಗೆ ಬಿದ್ದರೆ ನೆರವಿಗೆ ಬೇಕೆಂದು, ಹಾರಾಟ ಮುಗಿಯುವ ತನಕ ದೋಣಿಯನ್ನು ಬೇರೆಲ್ಲೂ ಒಯ್ಯುವುದಿಲ್ಲವೆಂದು ಮಾತು ಕೊಟ್ಟಿದ್ದ ಅಂಬಿಗ ದುರಗಪ್ಪನೂ ಇರಲಿಲ್ಲ. ವಿಮಾನದೊಡನೆ ಮಾತಾಡಲೆಂದು ಅವನ ಕೈಗೆ ಕೊಟ್ಟಿದ್ದ ರೇಡಿಯೊ ಕಲ್ಲಿನ ಮೇಲೆ ಬಿದ್ದಿತ್ತು.

ಆಚೆ ದಂಡೆಗೆ ಕೊಟ್ಟಿದ್ದ ಅವನ ಮಗಳು ನೀಲವ್ವನಿಗೆ ದಿನ ತುಂಬುವ ಮೊದಲೇ ನೋವು ಎದ್ದಿತ್ತು. ಸೀರೆ ಬೀಸಿದವಳು ಅವಳ ಅತ್ತೆ. ದುರಗಪ್ಪ ದೋಣಿಯಲ್ಲೇ ಅವಳನ್ನು ಆಸ್ಪತ್ರೆಗೆ ಮುಟ್ಟಿಸಿದ. ಅವಳು ಉಳಿದಳು, ಕೂಸು ಉಳಿಯಲಿಲ್ಲ.

“ಮೊದಲಽ ದೋಣಿ ಬಿಡಬೇಕಿತ್ತೋ ದುರಗಪ್ಪ. ನನ್ನ ಮಾತೇನು ಹೆಚ್ಚಿಂದು?” ಎಂದರು ಗುರುಶಾಂತ, ಆಸ್ಪತ್ರೆಯ ಮೆಟ್ಟಿಲ ಮೇಲೆ.

“ಮಾತಿಗೆ ಅಲ್ರೀ ಸಾಹೇಬ್ರ. ದೋಣಿಗಿಂತ ನಿಮ್ಮ ಇಮಾನ ಲಗೂ ಮುಟ್ಟತೈತಿ ಅಂತ ರೇಡಿಯೊದಾಗ ನಿಮ್ಮನ್ನ ಕರಕೋತ ನಿಂತೆ. ಈಗ ಓ ಅಂತಾರ, ಈಗ ಅಂತಾರ ಅಂತ.”

“ರೇಡಿಯೊ ಆರಿಸಿದ್ದೆ. ಎಂಜಿನ್ ದನಿ ಕೇಳಾಕ.”

ದುರಗಪ್ಪ ತಲೆಯ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. “ಛಲೋ ಕೇಳಸ್ತೇನ್ರೀ?”

ಎರಡು ವರ್ಷದ ಮೇಲೆ ವಿಮಾನ ಜನರನ್ನು ಒಯ್ಯತೊಡಗಿತು. ಒಂದು ದಿನ ನೀಲವ್ವ ಬಂದು ಸೀಟಿನ ಮೇಲೆ ಕೈಯಾಡಿಸಿದಳು.

“ಅವತ್ತ ಉಸುಕು ಕುಂತಿದ್ದು ಇದಽ ಸೀಟೇನ್ರೀ ಕಾಕಾ?”

“ಹೌದವ್ವಾ.”

“ತೂಕ ಬರೊಬ್ಬರಿ ನನ್ನಷ್ಟಽ ಇತ್ತಂತ, ಅಪ್ಪ ಹೇಳಿದ.”

ಗುರುಶಾಂತ ಬೆಲ್ಟಿನ ಕೊಂಡಿ ನೋಡುತ್ತ ನಿಂತರು.

ಈಗ ಹಿನ್ನೀರಿನ ತುಂಬ ಅವರ ವಿಮಾನಗಳು. ಯಾವುದರಲ್ಲೂ ರೇಡಿಯೊ ಆರಿಸುವ ಗುಂಡಿ ಇಲ್ಲ. ಸೀಲಿನ ಬಗ್ಗೆ ಕೇಳಬಂದವರಿಗೆ ಅವರು ಮೊದಲು ತೋರಿಸುವುದು ಆ ಗುಂಡಿ ಇರಬೇಕಿದ್ದ ಜಾಗವನ್ನು.

ಇದೆಲ್ಲ ಮುಂದೆ ಬರುವ ದಿನಗಳ ಮಾತು; ಇವತ್ತಿಗೆ ನೀಲವ್ವ ಇನ್ನೂ ಹುಟ್ಟಿಲ್ಲ. ಹಿನ್ನೀರು ಇನ್ನೂ ಅಷ್ಟು ಏರಿಲ್ಲ. ದಂಡೆಯಲ್ಲಿ ನಿಂತು ಸೀರೆ ಬೀಸುವವಳು ಮಾತ್ರ ಇವತ್ತೂ ಇದ್ದಾಳೆ. ನಾವು ಅವಳಿಗೆ ರೆಕ್ಕೆ ವಾಲಿಸಿ ಇನ್ನೊಂದು ಸುತ್ತಿಗೆ ತಿರುಗುತ್ತಿದ್ದೇವೆ.