ನಲವತ್ತೆರಡು ಸಾವಿರ ಜನ ನೋಡಿದ್ದು

2025ರ ಏಪ್ರಿಲ್ 21, ಸೋಮವಾರ. ಬೆಳಿಗ್ಗೆ 10.40ಕ್ಕೆ ಸಿದ್ದೀಕಾ ದೂರು ಕೊಡಲು ಠಾಣೆಗೆ ಬಂದಾಗ, ಇನ್ಸ್‌ಪೆಕ್ಟರ್ ಕಾತ್ಯಾಯಿನಿ ಆ ವಿಡಿಯೋವನ್ನು ಆಗಲೇ ನೋಡಿದ್ದರು. ಕೊನೆಯವರೆಗೂ ನೋಡಿದ್ದರು. ಆಲ್ದೂರಿನಲ್ಲಿ ಅದು ಸಿಗದ ವಾಟ್ಸಾಪ್ ಗ್ರೂಪೇ ಇರಲಿಲ್ಲ.

ಯಾರದೋ ಫೋನಿನ ಪರದೆ. ಹೆಸರು ಮಸುಕು ಮಾಡಿತ್ತು. ಆ ಫೋನಿನಲ್ಲಿ ಏನೇನು ಹುಡುಕಿದ್ದರೋ ಆ ಪಟ್ಟಿ ಒಂದೊಂದೇ ಸಾಲಾಗಿ ಮೇಲೆ ಸರಿಯುತ್ತಿತ್ತು. ಆಮೇಲೆ ಮ್ಯಾಪು: ಬಸ್‌ಸ್ಟ್ಯಾಂಡ್ ಪಕ್ಕದ ಹೊಲಿಗೆ ಅಂಗಡಿಯಿಂದ ಚಿಕ್ಕಮಗಳೂರಿನ ನರರೋಗ ತಜ್ಞರ ಕ್ಲಿನಿಕ್‌ವರೆಗೆ ನೀಲಿ ಗೆರೆ. "ನಿಮ್ಮ ಫೋನು ನಿಮ್ಮ ಗುಟ್ಟು ಹೇಗೆ ಕಾಯುತ್ತೆ ನೋಡಿ" ಎಂದು ಹಿನ್ನೆಲೆಯಲ್ಲಿ ಯಂತ್ರದಂಥ ದನಿ. ಬಸ್‌ಸ್ಟ್ಯಾಂಡ್ ಪಕ್ಕ ಇದ್ದ ಹೊಲಿಗೆ ಅಂಗಡಿ ಒಂದೇ, ಸಿದ್ದೀಕಾಳದು.

"ಫೋನು ನನ್ನದು ಮೇಡಂ. ಆ ಸಾಲು ಬರೆದಿದ್ದು ನನ್ನ ಮಗಳು ಫಿಜಾ."

ಯಾವ ಸಾಲು ಎಂದು ಕಾತ್ಯಾಯಿನಿ ಕೇಳಲಿಲ್ಲ. ಊರಿಗೆಲ್ಲ ಗೊತ್ತಿತ್ತು. 'ಮದುವೆ ಆದ್ಮೇಲೆ ಫಿಟ್ಸ್ ಬಂದ್ರೆ ಗಂಡ ಬಿಟ್ಟುಬಿಡ್ತಾನಾ.'

"ಅವಳಿಗೆ ಕೊನೇ ಸಲ ಫಿಟ್ಸ್ ಬಂದು ಆರು ವರ್ಷ ಆಯ್ತು. ಮಾತ್ರೆ ತಗೊಳ್ತಾಳೆ, ಅಷ್ಟೆ. ಮೊನ್ನೆ ಶನಿವಾರ ಮೂಡಿಗೆರೆಯವ್ರು ಸಂಬಂಧ ಬೇಡ ಅಂದ್ರು."

"ಅವರಿಗೆ ನೀವು ಮೊದಲೇ ಹೇಳಿರಲಿಲ್ವಾ?"

"ಹೇಳ್ಬೇಕು ಅಂತಿದ್ದೆ. ಹೇಳೋದು ನಾನಾಗಿರ್ಬೇಕಿತ್ತು ಅಲ್ವಾ ಮೇಡಂ?"

11.30ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಚಾನೆಲ್ ಯಾರದೆಂದು ಕೇಳಿ ವಿಡಿಯೋ ಕಂಪನಿಗೆ ಪತ್ರವೂ ಹೋಯಿತು. ಉತ್ತರ ಬರಲು ವಾರಗಳೇ ಬೇಕು. ಅಷ್ಟು ದಿನ ಕಾಯುವ ಮನಸ್ಸಿಲ್ಲದೆ ಕಾತ್ಯಾಯಿನಿ ವಿಡಿಯೋವನ್ನು ತಡೆತಡೆದು ನೋಡತೊಡಗಿದರು. ಹುಡುಕಾಟದ ಪಟ್ಟಿಯ ತಲೆಯ ಮೇಲೆ ಏಪ್ರಿಲ್ 3 ಎಂದಿತ್ತು. ಪರದೆಯ ಮೂಲೆಯ ಗಡಿಯಾರದಲ್ಲಿ 4.12.

"ಏಪ್ರಿಲ್ ಮೂರಕ್ಕೆ ನಾಲ್ಕು ಗಂಟೆಗೆ ಫೋನು ಎಲ್ಲಿತ್ತು?"

"ಬ್ಯಾಟರಿ ಹಾಕ್ಸೋಕೆ ಯಶವಂತನ ಅಂಗಡಿಗೆ ಕೊಟ್ಟಿದ್ದೆ."

"ಲಾಕ್?"

"ಕೇಳಿದ್ರು. ಚೀಟಿ ಮೇಲೆ ಬರ್ದು ಕೊಟ್ಟೆ."

ರಶೀದಿ ಪರ್ಸಿನಲ್ಲೇ ಇತ್ತು. ಕೊಟ್ಟದ್ದು 2.30, ವಾಪಸ್ 6.00.

ಹೆಡ್ ಕಾನ್‌ಸ್ಟೇಬಲ್ ಗುರುವಯ್ಯ ಕಾತ್ಯಾಯಿನಿಯ ಮುಖ ನೋಡಿದ. ಡಿಸೆಂಬರಿನಲ್ಲಿ ಸೈಬರ್ ಜಾಗೃತಿ ಸಭೆಗೆ ಯಶವಂತನನ್ನು ಕರೆಸಿ ಶಾಲು ಹೊದಿಸಿದ್ದು ಅವರೇ. ಮೂವತ್ತೊಂದರ ಹುಡುಗ, ಫೋನಿನ ಹುಚ್ಚು. "ಟಾರ್ಚ್ ಆ್ಯಪ್‌ಗೆ ನಿಮ್ಮ ಮನೆಯವರ ನಂಬರೆಲ್ಲ ಯಾಕೆ ಬೇಕು ಅಂತ ಯಾವತ್ತಾದ್ರೂ ಕೇಳಿದ್ದೀರಾ?" ಎಂದು ಅವತ್ತು ಗಂಟಲು ಹರಿಯುವಂತೆ ಕೇಳಿದ್ದ. "ನಮ್ಮತ್ರ ಮುಚ್ಚಿಡೋಕೆ ಏನಿದೆ ಮಾರಾಯ" ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಸಭೆಯೆಲ್ಲ ನಕ್ಕಿತು. ಕಾತ್ಯಾಯಿನಿಯೂ ನಕ್ಕಿದ್ದರು.

ಸಂಜೆ 4.05ಕ್ಕೆ ಸಾಕ್ಷಿಗೆಂದು ಇಬ್ಬರು ಪಂಚರನ್ನು ಕರೆದುಕೊಂಡು ಅಂಗಡಿಗೆ ಹೋದರು. ಗುರುವಯ್ಯ ನೋಟಿಸ್ ಓದುತ್ತಿದ್ದಂತೆ ಯಶವಂತನ ಕೈ ಕೀಬೋರ್ಡಿನತ್ತ ಸರಿಯಿತು. ಗುರುವಯ್ಯ ಮಣಿಕಟ್ಟು ಹಿಡಿದ. ಅಷ್ಟರಲ್ಲಿ ಎರಡು ಫೈಲು ಅಳಿಸಿ ಹೋಗಿದ್ದವು.

ಹಾರ್ಡ್‌ಡಿಸ್ಕಿನಲ್ಲಿ ರಿಪೇರಿಗೆ ಬಂದ ಫೋನುಗಳಿಂದ ತೆಗೆದದ್ದೆಲ್ಲ ನಲವತ್ತೊಂದು ಫೋಲ್ಡರುಗಳಲ್ಲಿತ್ತು. ಪ್ರತಿಯೊಂದಕ್ಕೂ ಮಾಲೀಕರ ಹೆಸರು, ತಾರೀಖು. ಗುರುವಯ್ಯ ಪಂಚನಾಮೆಗೆ ಒಂದೊಂದೇ ಹೆಸರು ಬರೆದುಕೊಳ್ಳುತ್ತಾ ಇಪ್ಪತ್ತಾರಕ್ಕೆ ನಿಂತುಬಿಟ್ಟ. 'ಕಾತ್ಯಾಯಿನಿ ಮೇಡಂ, ಜನವರಿ 9.'

ಫೋನಿನ ಡಿಸ್‌ಪ್ಲೇ ಒಡೆದು ಅವರೂ ಆಗ ಇಲ್ಲಿಗೇ ಕೊಟ್ಟಿದ್ದರು. ಬೇರೆ ಮನೆ ಮಾಡುವ ಬಗ್ಗೆ ಅಕ್ಕನಿಗೆ ಬರೆದಿಟ್ಟು ಕಳಿಸದೇ ಉಳಿದ ಮಾತುಗಳು ಕಾತ್ಯಾಯಿನಿಗೆ ನೆನಪಾದವು. ಗಂಡನಿಗೂ ಗೊತ್ತಿಲ್ಲದವು.

ಗುರುವಯ್ಯ ದನಿ ತಗ್ಗಿಸಿದ. "ಮೇಡಂ, ನಲವತ್ತು ಅಂತ ಬರೀಲಾ?"

"ನಲವತ್ತೊಂದು. ಹೆಸರು ಸಹಿತ ಬರೀರಿ."

ಪಂಚರಲ್ಲೊಬ್ಬರು ಸಹಿ ಹಾಕುವ ಮೊದಲು ಆ ಸಾಲನ್ನು ಎರಡು ಸಲ ಓದಿದರು. ಕಾತ್ಯಾಯಿನಿಯ ಫೋನೂ ಸೇರಿದ್ದರಿಂದ ಇನ್ನು ಈ ಕೇಸು ಬೇರೆ ಅಧಿಕಾರಿಗೆ ಹೋಗಬೇಕು, ಸಾಕ್ಷಿಗಳ ಪಟ್ಟಿಗೆ ಅವರ ಹೆಸರು ಸೇರಬೇಕು. ಮೇಲಧಿಕಾರಿಗೆ ಫೋನಿನಲ್ಲಿ ಅಷ್ಟನ್ನು ತಿಳಿಸಿ, ಇವತ್ತಿನ ವಿಚಾರಣೆ ಮುಗಿಸಿಕೊಡಿ ಎಂದು ಅವರು ಹೇಳಿದ ಮೇಲೆ ಕಾತ್ಯಾಯಿನಿ ಯಶವಂತನ ಎದುರು ಕುಳಿತರು.

"ನಾನು ಹೆಸರು ತೋರಿಸಿಲ್ಲ ಮೇಡಂ."

"ಅಂಗಡಿ ತೋರಿಸಿದ್ದೀರಿ."

"ನಾಲ್ಕು ವರ್ಷ ಬಾಯಿ ಬಡ್ಕೊಂಡೆ, ಒಬ್ರೂ ಕೇಳಲಿಲ್ಲ. ಹೆದರಿದ್ರಾದ್ರೂ ಕಲೀತಾರೆ ಅಂದ್ಕೊಂಡೆ."

"ಫಿಜಾನ ಕೇಳಿದ್ರಾ?"

ಕಾತ್ಯಾಯಿನಿ ಪರದೆಯ ಮೇಲೆ ತೆರೆದಿದ್ದ 'ವಿಡಿಯೋ 8' ಎಂಬ ಫೈಲಿನತ್ತ ಬೆರಳು ತೋರಿಸಿದರು.

"ಎಂಟನೇ ವಿಡಿಯೋ ಯಾರದು?"

"...ಇನ್ನೂ ಮುಗಿದಿಲ್ಲ."

ಸಾಕ್ಷ್ಯ ನಾಶದ ಯತ್ನವನ್ನೂ ನಮೂದಿಸಿ 5.50ಕ್ಕೆ ಬಂಧಿಸಲಾಯಿತು. ಜಾಮೀನು ಸಿಗುವ ಕಲಂ ಎಂದು ಅವನಿಗೂ ಗೊತ್ತಿತ್ತು.

ಫೋನನ್ನು ಭದ್ರವಾಗಿ ಇಟ್ಟುಕೊಳ್ಳುವುದು ಹೇಗೆಂದು ಯಶವಂತ ಮೊದಲು ಆರು ವಿಡಿಯೋ ಮಾಡಿದ್ದ. ಆರೂ ಸೇರಿ ನೋಡಿದವರು ಇನ್ನೂರ ಹನ್ನೆರಡು ಜನ. ಫಿಜಾಳ ಸಾಲಿದ್ದ ಏಳನೆಯದನ್ನು ನಾಲ್ಕೇ ದಿನದಲ್ಲಿ ನಲವತ್ತೆರಡು ಸಾವಿರ ಜನ ನೋಡಿದರು. ಕೆಳಗಿನ ಕಮೆಂಟುಗಳನ್ನೆಲ್ಲ ಅವನು ಓದಿದ್ದ. ಯಾರ ಮಗಳು ಎಂದು ಕೇಳಿದವರಿದ್ದರು, ಇನ್ನೊಂದು ಹಾಕಿ ಎಂದವರಿದ್ದರು. ತಮ್ಮ ಫೋನಿನ ಬಗ್ಗೆ ಕೇಳಿದವರು ಒಬ್ಬರೂ ಇರಲಿಲ್ಲ. ಎಂಟನೆಯದನ್ನು ಮಾಡಲು ಅವನು ಕೂತದ್ದು ಅವನ್ನೆಲ್ಲ ಓದಿದ ಮೇಲೆ.