ತಾನಾಗಿಯೇ ಬರೆದ ಪರದೆ

"ಧನ್ಯಾ, ಆ ಸ್ಕ್ರೀನ್ ಮುಟ್ಬೇಡ ಪುಟ್ಟಿ. ಡ್ರೈವರ್ ಇನ್ನೂ ಇನ್‌ಸ್ಟಾಲ್ ಆಗ್ತಾ ಇದೆ!" ಅಪ್ಪ ಒಳಕೋಣೆಯಿಂದಲೇ ಕೂಗಿದರು.

"ಹ್ಞೂಂ," ಅಂದಳು ಧನ್ಯಾ. ಎರಡು ತಿಂಗಳಿಂದ ಅವಳ ಉತ್ತರಗಳೆಲ್ಲ ಅಷ್ಟೇ ಉದ್ದ.

ಅಪ್ಪನಿಗೆ ವಿಶಾಖಪಟ್ಟಣದಿಂದ ವಿಜಯವಾಡದ ಬ್ಯಾಂಕಿಗೆ ವರ್ಗವಾಗಿತ್ತು. ಹೊಸ ಶಾಲೆಯ ಮೊದಲ ದಿನವೇ ಅವಳು ಯಾರನ್ನೋ "ಏಟಿ?" ಎಂದು ಕೇಳಿದ್ದಳು. 'ಏನು' ಎನ್ನುವುದಕ್ಕೆ ವಿಶಾಖಪಟ್ಟಣದ ಕಡೆಯ ತೆಲುಗಿನಲ್ಲಿ ಹಾಗೇ ಅನ್ನುವುದು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವತ್ತೇ ಧನ್ಯಾ ಬಾಯಿಗೆ ಬೀಗ ಹಾಕಿಕೊಂಡಳು.

ಹಾಲ್‌ನಲ್ಲಿ ಹಳೆಯ ಮಾನಿಟರ್ ಕಪ್ಪಗೆ ಕೂತಿತ್ತು. ಅದರ ವೈರು ಹೊಸ ಯುಎಸ್‌ಬಿ ಅಡಾಪ್ಟರ್‌ಗೆ ಸೇರಿ, ನಡುಗೋಡೆಯ ಕಿಟಕಿಯಲ್ಲಿ ನುಸುಳಿ, ಅಪ್ಪನ ಲ್ಯಾಪ್‌ಟಾಪ್‌ಗೆ ಹೋಗಿತ್ತು. "ನನ್ನ ಕೆಲಸ ಲ್ಯಾಪ್‌ಟಾಪ್‌ನಲ್ಲಿ, ನಿನ್ನ ಪಾಠದ ವಿಡಿಯೋ ಇದರಲ್ಲಿ. ಅಲ್ಲಿದ್ದದ್ದು ಇಲ್ಲಿ ಕಾಣಲ್ಲ," ಎಂದು ಅಪ್ಪ ಬೆಳಗ್ಗೆ ಜಂಬ ಕೊಚ್ಚಿದ್ದರು.

"ಧನ್ಯಾ, ಆಡುಕುಂದಾಂ ರಾ!" ಕೆಳಮನೆಯ ಹಿಮಬಿಂದು ಬೀದಿಯಿಂದ ಎಂದಿನಂತೆ ಆಟಕ್ಕೆ ಕರೆದಳು. ಧನ್ಯಾ ಎಂದಿನಂತೆ ಬಾಲ್ಕನಿಗೂ ಹೋಗಲಿಲ್ಲ.

ಹೊತ್ತು ಮುಳುಗುತ್ತಿತ್ತು. ಅಮ್ಮ ತರಕಾರಿಗೆ ಹೋಗಿದ್ದಳು. ದೀಪ ಹಾಕಿರಲಿಲ್ಲ. ಇದ್ದಕ್ಕಿದ್ದಂತೆ ಪರದೆ ತಾನಾಗಿಯೇ ಬೆಳಗಿತು. ಬಿಳಿ ಹಾಳೆ. ಅದರಲ್ಲಿ ಮಿಣುಕುವ ಒಂದು ಕಪ್ಪು ಗೆರೆ. ಮೇಜಿನ ಮೇಲೆ ಕೀಬೋರ್ಡ್ ಇರಲಿಲ್ಲ, ಮೌಸೂ ಇರಲಿಲ್ಲ. ಆದರೂ ಅಕ್ಷರಗಳು ಒಂದೊಂದಾಗಿ ಮೂಡಿದವು.

'ಧನ್ಯಾ.'

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

'ಧನ್ಯಾ ಯಾರ ಜೊತೆಗೂ ಮಾತಾಡುತ್ತಿಲ್ಲ.' ಯಾರೋ ತಿಂದುಹಾಕಿದ ಹಾಗೆ ಆ ಸಾಲು ಕೊನೆಯಿಂದ ಮಾಯವಾಯಿತು. ಮತ್ತೆ ಮೂಡಿತು: 'ಅವಳನ್ನು ಕಳಿಸಿಬಿಡಲಾ?'

ಎಲ್ಲಿಗೆ? ಯಾರು ಕೇಳುತ್ತಿರುವುದು? ಧನ್ಯಾ ಅಪ್ಪನ ಕೋಣೆಯತ್ತ ತಿರುಗಿದಳು. ಆಗ ಒಳಗಿನಿಂದ ಸದ್ದು ಕೇಳಿತು. ಟಕ್. ಇಲ್ಲೊಂದು ಅಕ್ಷರ. ಟಕ್, ಟಕ್. ಇಲ್ಲೆರಡು.

ಅಪ್ಪ! ಅಪ್ಪ ಅಲ್ಲಿ ಟೈಪ್ ಮಾಡಿದ್ದೇ ಇಲ್ಲೂ ಕಾಣುತ್ತಿತ್ತು. ಪಾಪ, ಅಪ್ಪನಿಗೆ ಅದು ಗೊತ್ತಿರಲಿಲ್ಲ.

'ಕಮಲಾಕ್ಷಿ ಅಕ್ಕಾ, ದಾವಣಗೆರೆಯಲ್ಲಿ ನಿನ್ನ ಮನೇಲಿದ್ದು ಓದಲಿ. ಇಲ್ಲಿ ಮಗು ಬಾಡಿಹೋಗಿದೆ.'

ಗೆರೆ ಬಹಳ ಹೊತ್ತು ಮಿಣುಕಿತು. ಆಮೇಲೆ, 'ಅವಳನ್ನು ಬಿಟ್ಟಿರೋಕೆ ನನಗಾಗಲ್ಲ.' ಅದನ್ನಂತೂ ಅಪ್ಪ ಒಂದೇ ಕೀಯನ್ನು ಟಕಟಕಟಕ ಒತ್ತಿ ಅಳಿಸಿಬಿಟ್ಟರು.

ಕಮಲಾಕ್ಷಿ ಅತ್ತೆ ಒಳ್ಳೆಯವರೇ. ಆದರೆ ಅಲ್ಲಿ ಅಪ್ಪ ಇರುವುದಿಲ್ಲ, ಅಮ್ಮ ಇರುವುದಿಲ್ಲ. ಧನ್ಯಾಗೆ ಅಳು ಒತ್ತರಿಸಿ ಬಂತು. ಪರದೆಯ ಮೇಲೆ ಬಾಣ 'ಸೆಂಡ್' ಕಡೆಗೆ ನಿಧಾನವಾಗಿ ಜಾರತೊಡಗಿತು.

ತಾನು ಓದಿದ್ದು ಅಪ್ಪನಿಗೆ ಗೊತ್ತಾಗಬಾರದು. ಧನ್ಯಾ ಮಾನಿಟರ್ ಆಫ್ ಮಾಡಿ ಬಾಲ್ಕನಿಗೆ ಓಡಿದಳು.

"ಏಟಿ, ಹಿಮಬಿಂದೂ!" ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಉಂಡು, ವಸ್ತನ್ನಾನು!" ಇರು, ಬರುತ್ತಿದ್ದೇನೆ ಎಂದು.

ಹಿಮಬಿಂದು ಕತ್ತೆತ್ತಿ ನೋಡಿದಳು. ನಗಲಿಲ್ಲ. "ತ್ವರಗಾ ರಾ ಮರಿ!" ಬೇಗ ಬಾ ಎಂದು ಕೈ ಬೀಸಿದಳು.

ಧನ್ಯಾ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದು ಕಾಲನ್ನು ಎತ್ತಿಕೊಂಡೇ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಕೋಣೆಯಲ್ಲಿ ಸದ್ದಿಲ್ಲ. ಆಮೇಲೆ ಶುರುವಾಯಿತು, ಟಕಟಕಟಕಟಕ. ನಡುವೆ ನಿಲ್ಲದೆ, ಒಂದೇ ಕೀ.

ಅದು ಯಾವ ಕೀ ಎಂದು ಈಗ ಅವಳಿಗೆ ಗೊತ್ತಿತ್ತು. ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿ ಮೆಟ್ಟಿಲಿಳಿದಳು.