ಬಸ್ ಸ್ಟಾಪಿನ ಹುಡುಗಿ

ಬಸ್ಸು ಬಂತು. ಬಸ್ಸು ಹೋಯಿತು. ನಡುವೆ ಬರಬೇಕಾಗಿದ್ದ ಹುಡುಗಿ ಮಾತ್ರ ಬರಲೇ ಇಲ್ಲ.

“ಮಾವ, ನಿಲ್ಸು ನಿಲ್ಸು. ನಾನೆಲ್ಲಿ?”

ಮಾವ ಕೀಬೋರ್ಡಿನ ಮೇಲೆ ಬೆರಳಿಟ್ಟ. ಪರದೆಯಲ್ಲಿ, ಬೆಂಚಿನ ಮೇಲೆ ಕೂತಿದ್ದ ಸಿನಿಮಾದ ಅಕ್ಕ ಹಾಗೇ ಕಲ್ಲಾದಳು.

“ಆ ಸೀನು ತೆಗೆದಾಯ್ತು ಪುಟ್ಟಾ.”

“ಯಾರು ತೆಗೆದಿದ್ದು?”

“ನಾನೇ.”

ಹೀಗೆ ಕೇಳಿದ ಹುಡುಗಿಯನ್ನು ಮನೆಯಲ್ಲೂ ಶಾಲೆಯಲ್ಲೂ ಬುಗುರಿ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರುವ ಜಾಯಮಾನ ಅವಳದಲ್ಲ. ಎಡಿಟಿಂಗ್ ರೂಮಿನ ತಿರುಗುವ ಕುರ್ಚಿಯೆಂದರೆ ಅವಳಿಗೆ ಪ್ರಾಣ. ಈಗ ಅದರಲ್ಲೇ ಕೂತಿದ್ದರೂ ತಿರುಗುವುದನ್ನು ಮರೆತಳು.

ಅಮ್ಮನ ತಮ್ಮನಾದ ಈ ಮಾವ ಸಿನಿಮಾ ಎಡಿಟರ್. ಶೂಟಿಂಗ್ ಆದದ್ದನ್ನು ಕತ್ತರಿಸಿ, ಜೋಡಿಸಿ, ಕತೆಯಾಗಿ ಮಾಡುವುದು ಅವನ ಕೆಲಸ. ಅವನಿಂದ ಕೇಳಿದ ಗುಟ್ಟುಗಳನ್ನೆಲ್ಲ ಬುಗುರಿ ಕ್ಲಾಸಿನಲ್ಲಿ ಹಂಚುತ್ತಿದ್ದಳು. ಸಿನಿಮಾದ ಗುಡುಗು ಅಂದರೆ ತಗಡಿನ ಹಾಳೆ ಅಲುಗಾಡಿಸುವುದು. ಕುದುರೆ ಓಡುವ ಸದ್ದು ಎರಡು ತೆಂಗಿನ ಚಿಪ್ಪಿನದು. ಮಳೆ ಬರುವುದು ಟ್ಯಾಂಕರಿನಿಂದ. ಮಕ್ಕಳೆಲ್ಲ ಊಟದ ಡಬ್ಬಿ ಮರೆತು ಕೇಳುತ್ತಿದ್ದರು.

ಅಂಥದರಲ್ಲಿ ಒಂದು ದಿನ, ಶೂಟಿಂಗಿಗೆ ಬರಬೇಕಿದ್ದ ಮಗುವಿಗೆ ಜ್ವರ ಬಂದು ಬುಗುರಿಗೇ ಪಾತ್ರ ಸಿಕ್ಕಿತ್ತು. ಕಳೆದುಹೋದ ತಮ್ಮನಿಗಾಗಿ ದಿನಾ ಬಸ್ ಸ್ಟಾಪಿನಲ್ಲಿ ಕಾಯುವ ಅಕ್ಕನ ಕತೆ ಅದು. ಬುಗುರಿ ಚೆಂಡು ಪುಟಿಸುತ್ತ ಬರಬೇಕು. ಬೆಂಚಿನ ಕೆಳಗೆ ಉರುಳಿದ ಚೆಂಡನ್ನು ತೆವಳಿ ತೆಗೆದು, ಅಕ್ಕನಿಗೆ ನಾಲಿಗೆ ಚಾಚಿ ಓಡಬೇಕು. ಹನ್ನೊಂದು ಸಲ ತೆವಳಿ ಮೊಣಕಾಲು ತರಚಿತ್ತು. ಆ ಗಾಯವನ್ನೂ ಕ್ಲಾಸಿಗೆಲ್ಲ ತೋರಿಸಿ ಆಗಿತ್ತು.

“ಮುಂದಿನ ಭಾನುವಾರ ಎಲ್ರೂ ಬರ್ತಿದ್ದಾರೆ ಮಾವ. ಟಿಕೆಟ್ ಕೂಡ ತಗೊಂಡಾಯ್ತು. ನಾನು ಹೆಂಗೆ ಮುಖ ತೋರ್ಸೋದು?” ಬುಗುರಿ ಮಾವನ ಕಡೆ ತಿರುಗಿದಳು. “ನಾನು ಚೆನ್ನಾಗಿ ಮಾಡ್ಲಿಲ್ವಾ?”

ಮಾವ ಒಂದು ಫೋಲ್ಡರ್ ತೆರೆದ. ಅದರ ಹೆಸರು ‘ಮನಸ್ಸಿಲ್ಲದೆ ತೆಗೆದದ್ದು’. ಚೆಂಡು ಉರುಳಿತು, ಬುಗುರಿ ತೆವಳಿದಳು, ನಾಲಿಗೆ ಚಾಚಿದಳು. ಕುರ್ಚಿಯಲ್ಲಿದ್ದ ಬುಗುರಿ ಅಳುಮುಖದಲ್ಲೇ ನಕ್ಕುಬಿಟ್ಟಳು.

“ಇಷ್ಟು ಚೆನ್ನಾಗಿದೆಯಲ್ಲ. ವಾಪಸ್ ಹಾಕು.”

“ಸಿನಿಮಾ ಆಗ್ಲೇ ಥಿಯೇಟರಿಗೆ ಹೋಯ್ತು ಕಣೆ. ಇನ್ನು ಆಗಲ್ಲ.”

ಮಾವನ ಕೆಲಸದ ರೀತಿಯೇ ಬೇರೆ. ಸೀನು ಜೋಡಿಸಿದ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಾನೆ. ಆಮೇಲೆ ಗೇಟಿನ ವಾಚ್‌ಮನ್ ತಾತನನ್ನೋ ಟೀ ತರುವ ಅಮ್ಮನನ್ನೋ ಕರೆದು ಕೂರಿಸುತ್ತಾನೆ. ತಾನು ಮಾತ್ರ ಪರದೆಗೆ ಬೆನ್ನು ಹಾಕಿ ಅವರ ಮುಖ ನೋಡುತ್ತಾನೆ.

“ನೀನು ನಾಲಿಗೆ ಚಾಚಿದಾಗ ತಾತ ಹೊಟ್ಟೆ ಹಿಡ್ಕೊಂಡು ನಕ್ಕರು. ಟೀ ಅಮ್ಮನೂ ನಕ್ಕರು. ಆಮೇಲೆ ಆ ಅಕ್ಕ ಒಬ್ಬಳೇ ಉಳಿದಳಲ್ಲ, ಅವಳ ಕಡೆ ಯಾರ ಗಮನಾನೂ ಹೋಗ್ಲಿಲ್ಲ. ‘ಆ ಚೆಂಡಿನ ಹುಡುಗಿ ಮತ್ತೆ ಬರ್ತಾಳಾ’ ಅಂತ ಕೇಳಿದ್ರು. ಮೂರು ದಿನ ಹಾಕ್ದೆ, ತೆಗೆದೆ, ಹಾಕ್ದೆ, ತೆಗೆದೆ.”

“ನಕ್ರೆ ಏನು ತಪ್ಪು?”

“ತಪ್ಪೇನಿಲ್ಲ,” ಮಾವ ತಲೆ ಕೆರೆದುಕೊಂಡ. “ಆದ್ರೆ ಅದು ಅಕ್ಕನ ಕತೆ, ಪುಟ್ಟಾ.”

“ನೀನು ನನ್ನ ಸ್ವಂತ ಮಾವನೇ ಅಲ್ಲ,” ಎಂದು ಬುಗುರಿ ಎದ್ದಳು. ಬಾಗಿಲನ್ನು ದಡಾರೆಂದು ಹಾಕಲು ನೋಡಿದಳು. ಸದ್ದಾಗದಂತೆ ಮೆತ್ತೆ ಹೊದಿಸಿದ ಬಾಗಿಲು ಅದು. ಪುಸ್ ಎಂದಿತು, ಅಷ್ಟೆ.

ಆ ವಾರವಿಡೀ ಬುಗುರಿಗೆ ಮುಳ್ಳಿನ ಮೇಲೆ ಕೂತ ಹಾಗೆ. ಗಣಿತದ ಪೀರಿಯಡ್ಡಿನಲ್ಲಿ ಪೆನ್ಸಿಲ್ಲಿನ ಎರಡೂ ತುದಿ ಕೆತ್ತಿದಳು. ಯಾರಾದರೂ ಸಿನಿಮಾ ಸುದ್ದಿ ತೆಗೆದರೆ ನೀರು ಕುಡಿಯಲು ಎದ್ದು ಹೋದಳು. “ದೇವರೇ, ಭಾನುವಾರ ಥಿಯೇಟರಿನ ಕರೆಂಟು ತೆಗಿ,” ಎಂದು ಬೇಡಿಕೊಂಡಳು. ಅದು ಮಾವ ಕಷ್ಟಪಟ್ಟು ಮಾಡಿದ ಸಿನಿಮಾ ಎಂದು ನೆನಪಾಗಿ, “ಬೇಡ, ಬಿಡು,” ಎಂದು ತಿದ್ದಿಕೊಂಡಳು.

ಭಾನುವಾರ ಬಂದೇ ಬಂತು. ಅಮ್ಮನ ಹಿಂದೆ ಹತ್ತು ಮಕ್ಕಳು ಥಿಯೇಟರಿನ ಮುಂದೆ ಸಾಲು ನಿಂತಿದ್ದರು. ಬುಗುರಿಯ ಪಕ್ಕದಲ್ಲೇ ಸೋಡಾಬುಡ್ಡಿ. ದಪ್ಪ ಕನ್ನಡಕದ ಈ ಗೆಳೆಯ ಸಿನಿಮಾದ ತಪ್ಪು ಹಿಡಿಯುವುದರಲ್ಲಿ ಎತ್ತಿದ ಕೈ. ಒಂದು ಶಾಟಿನಲ್ಲಿ ತುಂಬಿದ ಲೋಟ ಮುಂದಿನ ಶಾಟಿನಲ್ಲಿ ಅರ್ಧವಾದರೂ ಬಿಡುತ್ತಿರಲಿಲ್ಲ.

“ಎಷ್ಟು ಹೊತ್ತಿಗೆ ಬರ್ತೀಯೇ ನೀನು?” ಎಂದ.

ಬುಗುರಿ ಚಪ್ಪಲಿ ನೋಡಿದಳು. ಟಿಕೆಟ್ ಹರಿಯುವವನನ್ನು ನೋಡಿದಳು. ಇನ್ನು ತಡೆಯಲಾಗಲಿಲ್ಲ.

“ಬರಲ್ಲ. ನನ್ನ ಸೀನು ಕಟ್ ಆಗಿದೆ.”

ಸಾಲೆಲ್ಲ ಇತ್ತ ತಿರುಗಿತು.

“ಹಂಗಾದ್ರೆ ಇಷ್ಟು ದಿನ ಬಿಟ್ಟಿದ್ದೆಲ್ಲ ರೈಲಾ?” ಎಂದು ಉದ್ದಜಡೆಯ ಹುಡುಗಿ ಕಿಸಕ್ಕನೆ ನಕ್ಕಳು.

“ರೈಲಲ್ಲ, ನಿಜ. ಬಸ್ ಸ್ಟಾಪಲ್ಲಿ ಬರ್ತಿದ್ದೆ.” ಬುಗುರಿಯ ಕಿವಿ ಬಿಸಿಯಾಗಿತ್ತು.

ಸೋಡಾಬುಡ್ಡಿ ಯೋಚಿಸಿದ. “ಸರಿ. ಆ ಜಾಗ ಬಂದ ತಕ್ಷಣ ನನ್ನ ತಿವಿ. ಕಟ್ ಮಾಡಿದ್ರೆ ಎಲ್ಲಾದ್ರೂ ಗುರುತು ಉಳಿದಿರುತ್ತೆ. ನಾನು ಹಿಡೀತೀನಿ.”

ಕತ್ತಲಲ್ಲಿ ಬುಗುರಿ ಮೊಣಕೈ ಸಿದ್ಧವಾಗಿಟ್ಟುಕೊಂಡು ಕೂತಳು. ಕಾಲು ಕುಣಿಯುತ್ತಲೇ ಇತ್ತು. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ಕೊನೆಗೂ ಬಸ್ ಸ್ಟಾಪು ಬಂತು. ಈಗ. ಇನ್ನೇನು ಈಗ.

ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಬಸ್ಸು ಬಂದು ನಿಂತಿತು. ಇಳಿದವರ ಮುಖಗಳನ್ನು ಅಕ್ಕ ಒಂದೊಂದಾಗಿ ನೋಡಿದಳು. ಎಲ್ಲರೂ ಇಳಿದಾದ ಮೇಲೂ ಬಾಗಿಲನ್ನೇ ನೋಡಿದಳು. ಬಸ್ಸು ಹೊರಟಿತು. ಮಡಿಲಲ್ಲಿದ್ದ ತಮ್ಮನ ಸ್ವೆಟರನ್ನು ನಿಧಾನವಾಗಿ ಮಡಚಿದಳು. ಮಡಿಕೆ ಸರಿಬರಲಿಲ್ಲ. ಬಿಚ್ಚಿ ಮತ್ತೆ ಮಡಚಿದಳು.

ಇಡೀ ಥಿಯೇಟರಿನಲ್ಲಿ ಒಂದು ಕೆಮ್ಮು ಕೂಡ ಕೇಳಲಿಲ್ಲ.

“ಏ, ಬಂತೇನೇ ನಿನ್ನ ಜಾಗ?” ಸೋಡಾಬುಡ್ಡಿ ಪಿಸುಗುಟ್ಟಿದ. ಅವನು ಕನ್ನಡಕ ತೆಗೆದು ಒರೆಸುತ್ತಿದ್ದ.

ಬುಗುರಿ ಬೆಚ್ಚಿಬಿದ್ದಳು. ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು.

“ಆಗ್ಲೇ ಹೋಯ್ತು.”

“ಮತ್ತೆ ತಿವೀಲೇ ಇಲ್ಲ?”

“ಮರ್ತೇಹೋಯ್ತು ಕಣೋ,” ಎಂದಳು ಬುಗುರಿ, ಪರದೆಯಿಂದ ಕಣ್ಣು ಕೀಳದೆ. “ಸುಮ್ನಿರು, ಅಕ್ಕ ಎದ್ದಳು.”